ಬಿಗಿ ಕೈ, ಸಡಿಲ ಕೈ

ಎರಡು ಜಡೆ ಸೇರಿದ ಕಡೆ ಜಗಳ ತಪ್ಪಿದ್ದಲ್ಲ ಎಂದು ಗಾದೆ ಕಟ್ಟಿದವನು ಯಾರೋ ಜಡೆಯಿಲ್ಲದ ಗಂಡಸೇ ಇರಬೇಕು. ಅವನು ಈ ಮನೆಗೆ ಬಂದಿದ್ದರೆ ಗಾದೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದ ದಾರಿಗೆ ಸುಂಕವಿಲ್ಲವೆಂದು ಹೋಗುತ್ತಿದ್ದ. ಇಲ್ಲಿ ಹುಡುಗನ ತಾಯಿ, ಹುಡುಗಿಯ ತಾಯಿ, ಇಬ್ಬರು ಬೀಗಿತ್ತಿಯರು ಒಂದೇ ಕೋಣೆಯಲ್ಲಿದ್ದರು. ಮಂಚ ಎರಡು, ಕಪಾಟು ಒಂದು, ಕಿಟಕಿ ಒಂದು. ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು, ಒಬ್ಬರ ಮೇಲೊಬ್ಬರು ದನಿ ಎತ್ತಿದ್ದನ್ನು ಕಂಡವರಿಲ್ಲ. ಕೆಳಗಿನ ಮನೆಯಾಕೆ ಇವರನ್ನು ತೋರಿಸಿ ತನ್ನ ಸೊಸೆಯಂದಿರಿಗೆ ಬುದ್ಧಿ ಹೇಳುತ್ತಿದ್ದರು. ಸೊಸೆಯಂದಿರು ಮೆಟ್ಟಿಲಲ್ಲಿ ಇವರು ಎದುರಾದರೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಹುಡುಗಿಯ ತಾಯಿಯನ್ನು ಎಲ್ಲರೂ ಹಲೋ ಅಮ್ಮ ಎನ್ನುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು, ಯಾರು ಕರೆದರೂ ಈಗಲೂ "ಹಲೋ, ಹೇಳಿ" ಎಂದೇ ತಿರುಗುತ್ತಿದ್ದರು. ಊರಿನವರನ್ನೆಲ್ಲ ಅವರವರಿಗೆ ಬೇಕಾದವರ ಜೊತೆ ಮಾತಾಡಿಸಿದ್ದರೇ ಹೊರತು ತಮಗೆ ಏನು ಬೇಕೆಂದು ಯಾರ ಹತ್ತಿರವೂ ಬಾಯಿಬಿಟ್ಟವರಲ್ಲ. ಹುಡುಗನ ತಾಯಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿದ್ದವರು, ಹೀಗಾಗಿ ನರ್ಸಮ್ಮ. ಅವರೂ ಅದೇ ಜಾತಿ. "ಈಗ ಹೇಗಿದೀರಿ" ಎಂದು ಸಾವಿರಾರು ಜನರನ್ನು ಕೇಳಿದವರು, ತಿರುಗಿ ಅವರನ್ನು ಕೇಳಿದವರು ಯಾರೂ ಇರಲಿಲ್ಲ.

ಹಲೋ ಅಮ್ಮ ಬಾಡಿಗೆಗಿದ್ದ ಮನೆಯನ್ನು ಅದರ ಮಾಲೀಕ ಕೆಡವಲು ಹೊರಟಾಗ ಮಗಳು ಬಂದು, "ಬೇರೆ ಮನೆ ಸಿಗೋವರೆಗೂ ನಮ್ಮಲ್ಲೇ ಇರಮ್ಮ" ಎಂದು ಕರೆದುಕೊಂಡು ಬಂದಿದ್ದಳು. ಮಗಳು ಹೇಳಿದಳು, ಮರೆತಳು. ತಾಯಿ ಮರೆಯಲಿಲ್ಲ. ಆ "ಸಿಗೋವರೆಗೂ" ಹಾಸಿಗೆಯಲ್ಲಿ ಬಿದ್ದ ಮರಳಿನ ಕಾಳಿನಂತೆ ಮಗ್ಗಲು ಬದಲಿಸಿದಾಗೆಲ್ಲ ಒತ್ತುತ್ತಿತ್ತು. ಅವರಿಗೆ ಇಲ್ಲಿಂದ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಗಂಡ ಹೋದ ಮೇಲೆ ಬಹಳ ಕಾಲ ಒಂಟಿಯಾಗಿ ಬದುಕಿದವರು. ಪಕ್ಕದ ಮಂಚದಲ್ಲಿ ಇನ್ನೊಂದು ಜೀವ ಕೆಮ್ಮುವುದು, ಕನ್ನಡಕ ಹುಡುಕುವುದು, ನೀರು ಕುಡಿಯುವುದು ಎಷ್ಟು ಹಿತ ಎನ್ನುವುದು ತುಂಬಿದ ಮನೆಯಲ್ಲೇ ಹುಟ್ಟಿ ಬೆಳೆದವರಿಗೆ ತಿಳಿಯದು. ಆದರೆ ಕೋಣೆ ನರ್ಸಮ್ಮನದು. ಇರಿ ಎಂದು ಅವರು ಅನ್ನಬೇಕು. ಅವರು ಅನ್ನಲಿಲ್ಲ, ಇವರು ಕೇಳಲಿಲ್ಲ.

ಅನ್ನುವುದಿರಲಿ, ಒಂದು ಬೆಳಗ್ಗೆ ನರ್ಸಮ್ಮ ತರಕಾರಿ ಚೀಲ ಕೆಳಗಿಡುತ್ತಲೇ ಸುದ್ದಿ ತಂದರು.

"ಎದುರಿಗೆ ಕನ್ನಡಕದಂಗಡಿ ಇದೆಯಲ್ಲ, ಅದರ ಮೇಲೊಂದು ರೂಮು ಖಾಲಿ ಆಗಿದೆಯಂತೆ. ನಿಮಗೆ ಬೇಕಿತ್ತಲ್ಲ, ಅದಕ್ಕೇ ವಿಚಾರಿಸ್ಕೊಂಡು ಬಂದೆ."

ಹಲೋ ಅಮ್ಮ ಚೀಲದಿಂದ ಉರುಳಿದ ಈರುಳ್ಳಿಯೊಂದನ್ನು ಎತ್ತಿಟ್ಟರು. "ಒಳ್ಳೇದಾಯ್ತು" ಎಂದರು. "ನಿಮಗೂ ಅನುಕೂಲ."

"ನನ್ನದೇನಿದೆ, ನಿಮಗೆ ಹೇಗೆ ಅನುಕೂಲವೋ ಹಾಗೆ" ಎಂದು ನರ್ಸಮ್ಮ ಬದನೆಕಾಯಿಗಳನ್ನು ಬುಟ್ಟಿಗೆ ಸುರಿದರು.

ಅಂಗಡಿಯವನು ತಾಳ್ಮೆಯವನು. ರೂಮಿಗೆ ಬಣ್ಣ ಹೊಡೆಸಬೇಕು, ತಿಂಗಳ ಕೊನೆಯ ಶನಿವಾರ ಸಂಜೆ ಅಂಗಡಿ ಮುಚ್ಚುವುದರೊಳಗೆ ಒಂದು ಮಾತು ಹೇಳಿಬಿಡಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದ. ಹಲೋ ಅಮ್ಮ ತಲೆಯಾಡಿಸಿ ಬಂದರು. ಹೂಂ ಎಂದರೆ ಹೋಗಬೇಕು. ಉಹೂಂ ಎಂದರೆ, ಇರಿ ಎಂದು ಯಾರೂ ಹೇಳದ ಮನೆಯಲ್ಲಿ ಕಂಬಳಿ ಹೊದ್ದು ಕೂತಂತೆ ಕೂರಬೇಕು. ನುಂಗಲಾರದ, ಉಗುಳಲಾರದ ಬಿಸಿ ತುತ್ತು ಅದು.

ಈ ನಡುವೆ ಅಳಿಯನ ಸ್ವೆಟರಿನ ಮೊಣಕೈ ಹರಿಯಿತು. ಅಳಿಯನ ಕೆಲಸ ಕೋಲ್ಡ್ ಸ್ಟೋರೇಜಿನಲ್ಲಿ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಆಲೂಗಡ್ಡೆ ಮೂಟೆಗಳ ನಡುವೆ ಅವನಿಗೆ ವರ್ಷವಿಡೀ ಚಳಿಗಾಲ. ಊಟಕ್ಕೆ ಕೂತಾಗ ಮೊಣಕೈ ಎತ್ತಿ ತೂತು ತೋರಿಸಿ, "ಹೊಸದೊಂದು ಬೇಕಾಗುತ್ತೆ" ಎಂದ. ಹೆಂಡತಿಯ ತಾಯಿ, ತನ್ನ ತಾಯಿ, ಇಬ್ಬರೂ ಹೆಣಿಗೆಯಲ್ಲಿ ಎತ್ತಿದ ಕೈ. ಅವನು ಯಾರ ಮುಖವನ್ನೂ ನೋಡದೆ ಗೋಡೆಗೆ ಹೇಳಿದ.

"ಬೀಗಿತ್ತಿಯವರು ಹೆಣೀಲಿ, ಅವರ ಕೈ ಚೆನ್ನ" ಎಂದರು ನರ್ಸಮ್ಮ.

"ಛೆ, ತಾಯಿ ಕೈಯದು ಬೆಚ್ಚಗಿರುತ್ತೆ. ನೀವೇ ಹೆಣೀರಿ" ಎಂದರು ಹಲೋ ಅಮ್ಮ.

ನೀವು, ನೀವು ಎನ್ನುತ್ತಲೇ ವಾರ ಕಳೆಯಿತು. ಅಳಿಯ ತೂತಿನ ಮೊಣಕೈಯಲ್ಲೇ ಆಲೂಗಡ್ಡೆ ಕಾಯ್ದ. ಕೊನೆಗೆ ಮಗಳಿಗೆ ತಲೆ ಕೆಟ್ಟಿತು. ಅವಳು ಕೋರ್ಟಿನಲ್ಲಿ ಟೈಪಿಸ್ಟ್. ಜಡ್ಜುಗಳ ತೀರ್ಪು ಬಡಿದೂ ಬಡಿದೂ ತೀರ್ಪು ಕೊಡುವುದು ತಾನಾಗಿ ಬಂದುಬಿಟ್ಟಿತ್ತು. "ಮುಂಭಾಗ ಅಮ್ಮ. ಹಿಂಭಾಗ ಅತ್ತೆ. ತೋಳು ಒಬ್ಬೊಬ್ಬರು ಒಂದೊಂದು. ಇನ್ನು ಮಾತು ಬೇಡ" ಎಂದು ಎದ್ದು ಕೈತೊಳೆದುಕೊಂಡಳು. ಸಂಜೆ ಬರುವಾಗ ಉಲ್ಲನ್ ಅಂಗಡಿಯಿಂದ ಮೂರು ಬಣ್ಣದ ಉಂಡೆಗಳನ್ನೂ ಒಂದು ಮಾದರಿ ಹಾಳೆಯನ್ನೂ ತಂದು ಇಬ್ಬರ ನಡುವೆ ಇಟ್ಟಳು. ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: ಪಟ್ಟೆ ಪುಲ್‌ಓವರ್, ಅನುಭವಿಗಳಿಗೆ ಮಾತ್ರ.

ಈ ಅನುಭವಿಗಳಿಗೆ ಮಾತ್ರ ಎನ್ನುವ ಹಾಳೆಗಳ ಕತೆಯೇ ಬೇರೆ. ಕಲಿಯುವವರಿಗೆ ಬರೆದದ್ದಾದರೆ ಸಾಲು ಸಾಲಿಗೂ ಕೈಹಿಡಿದು ನಡೆಸುತ್ತಾರೆ. ಇದರಲ್ಲಿ "ಹಿಂಭಾಗವನ್ನೂ ಹೀಗೆಯೇ ಹೆಣೆಯಿರಿ" ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದರು. ಬಾಟಲಿ ಹಸಿರು ಎಂಟು ಸಾಲು, ಬೂದಿ ಬಣ್ಣ ಆರು ಸಾಲು, ಸಾಸಿವೆ ಹಳದಿ ಎರಡು ಸಾಲು, ಮತ್ತೆ ಹಸಿರು. ಕೊನೆಗೊಂದು ಎಚ್ಚರಿಕೆ: ಟೇಪು ಹಿಡಿಯಬೇಡಿ, ಸಾಲು ಎಣಿಸಿ. ಎಣಿಸಿ ಹೆಣೆದರೆ ಪಕ್ಕ ಕೂಡಿಸುವಾಗ ಮುಂದಿನ ಹಸಿರಿಗೆ ಹಿಂದಿನ ಹಸಿರು ತಾನೇ ಬಂದು ಸೇರುತ್ತದೆ. ಪಟ್ಟೆ ಸ್ವೆಟರ್ ಕಂಡರೆ ಬಲ್ಲವರು ಎದೆ ನೋಡುವುದಿಲ್ಲ, ಬೆನ್ನು ನೋಡುವುದಿಲ್ಲ. ಕಂಕುಳ ಕೆಳಗಿನ ಆ ಹೊಲಿಗೆ ನೋಡುತ್ತಾರೆ. ಹೆಣೆದವರ ಯೋಗ್ಯತೆ ಅಲ್ಲಿರುತ್ತದೆ.

ಆದರೆ ಹೆಣಿಗೆಯಲ್ಲಿ ಕೈ ಎನ್ನುವುದೊಂದಿದೆ. ಅದೇ ಉಲ್ಲನ್, ಅದೇ ಕಡ್ಡಿ, ಅದೇ ಲೆಕ್ಕ ಕೊಟ್ಟರೂ ಇಬ್ಬರು ಹೆಣೆದದ್ದು ಒಂದೇ ಅಳತೆಗೆ ಬರುವುದಿಲ್ಲ. ಎಳೆಯನ್ನು ಬೆರಳಿಗೆ ಸುತ್ತಿ ಬಿಗಿಯುವವರ ತುಂಡು ಚಿಕ್ಕದಾಗುತ್ತದೆ, ಬಿಟ್ಟು ಹಿಡಿಯುವವರದು ದೊಡ್ಡದಾಗುತ್ತದೆ. ನರ್ಸಮ್ಮನದು ಬಿಗಿ ಕೈ. ಅಳಿಯನ ಹಳೆಯ ಸ್ವೆಟರನ್ನು ಹಲೋ ಅಮ್ಮ ಒಗೆಯಲು ತೆಗೆದುಕೊಂಡಾಗ ನೋಡಿದ್ದರು, ಬ್ಯಾಂಡೇಜು ಬಿಗಿದಂಥ ಹೆಣಿಗೆ. ನೆಲದ ಮೇಲಿಟ್ಟರೆ ತಾನೇ ಎದ್ದು ನಿಲ್ಲುವ ಹಾಗಿತ್ತು. ಹಲೋ ಅಮ್ಮನದು ಸಡಿಲ ಕೈ. ಅವರು ಹೆಣೆದದ್ದು ಮೆತ್ತಗೆ ಜೋತು ಬೀಳುತ್ತದೆ, ಒಗೆದಷ್ಟೂ ಬೆಳೆಯುತ್ತದೆ. ಮಗಳ ಶಾಲೆಯ ಸ್ವೆಟರ್ ಮಗಳಿಗಿಂತ ಬೇಗ ಬೆಳೆದು ಮಂಡಿಗೆ ಬಂದಿತ್ತು.

ಹಲೋ ಅಮ್ಮ ಮಂಚದ ಮೇಲೆ ಕೂತು ಯೋಚಿಸಿದರು. ತಮ್ಮ ಮುಂಭಾಗ ಅಗಲ, ಅವರ ಹಿಂಭಾಗ ಕಿರಿದು. ಪಟ್ಟೆಗಳು ಕಂಕುಳಲ್ಲಿ ಒಂದಕ್ಕೊಂದು ಬೆನ್ನು ತಿರುಗಿಸಿ ನಿಲ್ಲುತ್ತವೆ. ನರ್ಸಮ್ಮ ನೋಡುತ್ತಾರೆ, ಏನೂ ಅನ್ನುವುದಿಲ್ಲ. ಆದರೆ ಇವರಿಗೂ ನಮಗೂ ಹೊಂದುವುದಿಲ್ಲ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ. ಅದೇ ಎರಡೂ ತುಂಡು ಒಬ್ಬರೇ ಹೆಣೆದಂತೆ ಬಂದು ಕೂಡಿದರೆ? ಆ ಖುಷಿಯಲ್ಲಾದರೂ "ಇನ್ನೆಲ್ಲಿ ಹೋಗ್ತೀರಿ, ಇಲ್ಲೇ ಇದ್ದುಬಿಡಿ" ಎಂಬ ಮಾತು ಅವರ ಬಾಯಿಂದ ಬಂದೀತು. ಇಂಥ ದೊಡ್ಡ ಭಾರವನ್ನು ಒಂದು ಸ್ವೆಟರಿನ ಮೇಲೆ ಹೊರಿಸುವುದು ಬುದ್ಧಿವಂತರ ಲಕ್ಷಣವಲ್ಲ. ಆದರೆ ಬಾಯಿಬಿಟ್ಟು ಕೇಳಲಾರದವರು ಇನ್ನು ಯಾವುದರ ಮೇಲೆ ಹೊರಿಸಬೇಕು?

ಅಳೆದೂ ಸುರಿದೂ, ಮಾರನೆಯ ದಿನ ಉಲ್ಲನ್ ಅಂಗಡಿಗೆ ಹೋಗಿ ಒಂದು ನಂಬರು ಸಣ್ಣ ಕಡ್ಡಿ ತಂದರು. ತಮ್ಮ ಹಳೆಯ ಕಡ್ಡಿಗಳನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, ಹೊಸದರಲ್ಲಿ ಹೆಣೆಯತೊಡಗಿದರು. ಸಣ್ಣ ಕಡ್ಡಿ ಮಾತ್ರ ಸಾಲದೆಂದು ಎಳೆಯನ್ನು ಬೆರಳಿಗೆ ಒಂದು ಸುತ್ತು ಹೆಚ್ಚಿಗೆ ಸುತ್ತಿಕೊಂಡರು. ಹೆಬ್ಬೆರಳು ಊದಿತು. ನಲವತ್ತು ವರ್ಷದ ಕೈಯನ್ನು ಬದಲಿಸುವುದೆಂದರೆ ನಲವತ್ತು ವರ್ಷದ ಸಹಿಯನ್ನು ಬದಲಿಸಿದ ಹಾಗೆ. ಆದರೂ ಸಾಲು ಒಂದೊಂದೂ ಇಟ್ಟಿಗೆ ಜೋಡಿಸಿದಂತೆ ಬಂತು. ಇಷ್ಟು ಗಟ್ಟಿಯಾಗಿ ಅವರು ಹುಟ್ಟಿದಾಗಿನಿಂದ ಹೆಣೆದಿರಲಿಲ್ಲ.

ಇಬ್ಬರೂ ಎದುರು ಬದರು ಕೂತೇ ಹೆಣೆಯುತ್ತಿದ್ದರು, ಆದರೆ ಒಬ್ಬರದನ್ನೊಬ್ಬರು ನೋಡುತ್ತಿರಲಿಲ್ಲ. ಹೊಸಬರಾಗಿದ್ದರೆ ದಿನಕ್ಕೆರಡು ಸಲ ತುಂಡಿಗೆ ತುಂಡು ಹಿಡಿದು ನೋಡುತ್ತಿದ್ದರು, ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅನುಭವಿಗಳು ಹಾಗೆ ಮಾಡುವುದಿಲ್ಲ. ಅರ್ಧದಲ್ಲಿರುವ ಕೈಕೆಲಸದ ಮೇಲೆ ಕಣ್ಣು ಹಾಕಿದರೆ ಪರೀಕ್ಷೆ ಮಾಡಿದಂತಾಗುತ್ತದೆ. ಹಲೋ ಅಮ್ಮ ಎದ್ದು ಅಡುಗೆಮನೆಗೆ ಹೋಗುವಾಗ ಮುಂಭಾಗವನ್ನು ದಿಂಬಿನ ಕವರಿನೊಳಗೆ ಇಡುತ್ತಿದ್ದರು. ನರ್ಸಮ್ಮ ಹಿಂಭಾಗದ ಮೇಲೆ ದಿನಪತ್ರಿಕೆ ಹೊದಿಸುತ್ತಿದ್ದರು.

ಉಳಿದಂತೆ ದಿನಗಳು ಎಂದಿನಂತೆ ಸೌಜನ್ಯದಿಂದ ಕಳೆದವು. ಬೆಳಗ್ಗೆ ಇಬ್ಬರೂ ಸಕ್ಕರೆಯಿಲ್ಲದ ಚಹಾ ಕುಡಿದರು. ಮಧ್ಯಾಹ್ನ ಕಿಟಕಿ ಮುಚ್ಚಿಕೊಂಡು ಬೆವರಿದರು. ಸಂಜೆ ಟೀವಿಯಲ್ಲಿ ಒಂದು ಗಂಟೆ ಕುಸ್ತಿ ನೋಡಿದರು. ತಲೆ ನರೆತ ಇಬ್ಬರು ಹೆಂಗಸರು, ಮಡಿಲಲ್ಲಿ ಉಲ್ಲನ್ ಉಂಡೆ, ಎದುರಿಗೆ ಚಡ್ಡಿ ಹಾಕಿಕೊಂಡ ಪೈಲ್ವಾನರು. ಅಳಿಯ ಒಮ್ಮೆ ಒಳಗೆ ಬಂದು, ಸ್ವಲ್ಪ ಹೊತ್ತು ನಿಂತು ನೋಡಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದ.

ತಿಂಗಳ ಕೊನೆಯ ಶನಿವಾರ ಬಂತು. ಮಗಳಿಗೆ ಅರ್ಧ ದಿನದ ಕೋರ್ಟು, ಅಳಿಯನಿಗೆ ಪೂರ್ತಿ ದಿನದ ಆಲೂಗಡ್ಡೆ. ಊಟವಾದ ಮೇಲೆ ನರ್ಸಮ್ಮ ತಮ್ಮ ಮಂಚದ ಮೇಲೆ ಬಿಳಿ ಬೆಡ್‌ಶೀಟು ಹಾಸಿ, ಅಂಚು ಸುಕ್ಕಿಲ್ಲದಂತೆ ಒಳಗೆ ಸೇರಿಸಿದರು, ಆಪರೇಶನ್ನಿಗೆ ಅಣಿಮಾಡಿದ ಹಾಗೆ. ಹಲೋ ಅಮ್ಮ ದಿಂಬಿನ ಕವರು ತಂದರು. ಎದುರಿನ ಅಂಗಡಿ ಇನ್ನೂ ತೆರೆದಿತ್ತು. ಈ ಹೊಲಿಗೆ ಕೂಡುವುದಕ್ಕೂ ಅಂಗಡಿ ಮುಚ್ಚುವುದಕ್ಕೂ ನಡುವೆ ಒಂದು ಒಳ್ಳೆಯ ಮಾತು ಬರಬೇಕಿತ್ತು.

ಇಬ್ಬರೂ ತುಂಡುಗಳನ್ನು ಬಿಡಿಸಿ ಪಕ್ಕಪಕ್ಕದಲ್ಲಿ ಇಟ್ಟರು.

ಮುಂಭಾಗ ಹಿಂಭಾಗಕ್ಕಿಂತ ನಾಲ್ಕು ಬೆರಳು ಚಿಕ್ಕದಿತ್ತು. ಅಗಲದಲ್ಲೂ ಹಾಗೆಯೇ. ಮುಂದಿನ ಸಾಸಿವೆ ಪಟ್ಟೆ ಹಿಂದಿನ ಬೂದಿಯ ನಡುವಿಗೆ ಬಂದು ನಿಂತಿತ್ತು, ಕಂಕುಳ ಹತ್ತಿರ ಹಸಿರು ಹಸಿರನ್ನು ಮುಟ್ಟಿರಲಿಲ್ಲ. ಎಡತೋಳು ಅಳಿಯನದಾದರೆ ಬಲತೋಳು ಅವನಿಗಿಂತ ಒಂದು ಗೇಣು ಎತ್ತರದ ಯಾರದೋ. ಒಟ್ಟು ನೋಡಿದರೆ ಒಬ್ಬನು ಎದೆಯ ಕಡೆಯಿಂದ ಬಡಕಲಾಗಿದ್ದು ಬೆನ್ನಿನ ಕಡೆಯಿಂದ ಕೊಬ್ಬಿದ ಹಾಗಿತ್ತು.

ನರ್ಸಮ್ಮ ಎರಡೂ ತುಂಡುಗಳನ್ನು ಮಗುಚಿ ಇಟ್ಟು ನೋಡಿದರು.

"ತಪ್ಪು ನಂದೇ. ನಾನು ಬಿಚ್ತೀನಿ" ಎಂದರು ಹಲೋ ಅಮ್ಮ.

"ಇಲ್ಲ ಇಲ್ಲ, ನಂದು. ನಾನು ಬಿಚ್ತೀನಿ" ಎಂದರು ನರ್ಸಮ್ಮ.

"ನಿಮ್ಮದು ಹೇಗಾಗುತ್ತೆ? ಕಡ್ಡಿ ಬದಲಾಯಿಸಿದೋಳು ನಾನು."

ನರ್ಸಮ್ಮ ಕನ್ನಡಕ ತೆಗೆದರು. "ಏನು ಬದಲಾಯಿಸಿದಿರಿ?"

"ಕಡ್ಡಿ. ನಿಮ್ಮ ಕೈ ಬಿಗಿ ಅಲ್ವಾ. ನಿಮಗೆ ಸರಿಹೋಗ್ಲಿ ಅಂತ ಒಂದು ನಂಬರು ಸಣ್ಣದು ತಗೊಂಡೆ. ಕೈಯೂ ಬಿಗಿ ಮಾಡ್ಕೊಂಡೆ."

ನರ್ಸಮ್ಮ ತಮ್ಮ ಹಾಸಿಗೆಯ ಕೆಳಗೆ ಕೈ ಹಾಕಿ ಒಂದು ಜೊತೆ ಕಡ್ಡಿ ಹೊರತೆಗೆದರು. ಕೈಯಾಡಿ ಆಡಿ ಬಣ್ಣ ಹೋದ ಹಳೆಯ ಕಡ್ಡಿಗಳು.

"ಇವು ನನ್ನವು. ಈ ಸ್ವೆಟರಿಗೆ ಇವನ್ನ ಮುಟ್ಟೇ ಇಲ್ಲ."

"ಮತ್ತೆ?"

"ಒಂದು ನಂಬರು ದಪ್ಪದು ತಂದೆ. ನಿಮ್ಮ ಕೈ ಸಡಿಲ ಅಲ್ವಾ. ಎಳೇನ ಬಿಟ್ಟು ಬಿಟ್ಟು ಹಿಡಿದೆ. ರೋಗಿಯ ಕೈ ಬಿಟ್ಟ ಹಾಗೆ ಅನಿಸ್ತಿತ್ತು, ನಿದ್ದೆ ಬರ್ಲಿಲ್ಲ."

ಹಲೋ ಅಮ್ಮ ಮಂಚದ ಅಂಚಿಗೆ ಕುಸಿದು ಕೂತರು. ಮುಂಭಾಗವನ್ನು ಬೆರಳಿನಿಂದ ಒತ್ತಿ ನೋಡಿದರು, ಅದು ನರ್ಸಮ್ಮನ ಕೈಯ ಹೆಣಿಗೆ. ಹಿಂಭಾಗವನ್ನು ಎತ್ತಿ ಹಿಡಿದರು. ಮೆತ್ತಗೆ ಜೋತುಬಿತ್ತು, ಅದು ತಮ್ಮದೇ ಕೈಯ ಹೆಣಿಗೆ. ಅವರು ಇವರಾಗಿ, ಇವರು ಅವರಾಗಿ, ದಾರಿಯಲ್ಲಿ ಎಲ್ಲೋ ಒಬ್ಬರನ್ನೊಬ್ಬರು ದಾಟಿ ಹೋಗಿಬಿಟ್ಟಿದ್ದರು. ತಮಗಾಗಿ ಒಬ್ಬರು ಕೈಯನ್ನೇ ಬದಲಿಸಿಕೊಂಡಿದ್ದರು ಎಂದು ಹೊಳೆದಾಗ ಹಲೋ ಅಮ್ಮನಿಗೆ ಅಳು ಬರುವಂತಾಯಿತು. ಅದರ ಹಿಂದೆಯೇ ಒಂದು ಅನುಮಾನವೂ ಬಂತು.

"ಸಕ್ಕರೆ?" ಎಂದರು.

"ಏನು ಸಕ್ಕರೆ?"

"ನಿಮಗೆ ಸಕ್ಕರೆ ಕಾಯಿಲೆ ಇದೆ ಅಲ್ವಾ?"

"ನನಗ್ಯಾಕೆ? ನಿಮಗೆ ಅಂದ್ಕೊಂಡಿದ್ದೆ. ಬಂದ ದಿನ ಸಕ್ಕರೆ ಇಲ್ದೆ ಚಹಾ ಮಾಡಿದೋರು ನೀವು."

"ಬಂದ ದಿನ ನನಗೆ ಡಬ್ಬ ಸಿಗಲಿಲ್ಲ."

ನರ್ಸಮ್ಮ ಒಂದು ಕ್ಷಣ ಲೆಕ್ಕ ಹಾಕಿದರು. ಒಂದು ವರ್ಷದ ಕಹಿ ಚಹಾ ಅವರ ಮುಖದ ಮೇಲೆ ಹಾದುಹೋಯಿತು.

"ಕಿಟಕಿ?" ಎಂದು ಅವರು ಕೇಳಿದರು. "ನಿಮಗೆ ಗಾಳಿ ಆಗಲ್ಲ ಅಂತ ತಾನೇ ಮುಚ್ಚೋದು?"

"ನಿಮಗೆ ಧೂಳು ಆಗಲ್ಲ ಅಂತ ಮುಚ್ಚೋದು."

ನರ್ಸಮ್ಮ ಎದ್ದು ಹೋಗಿ ಕಿಟಕಿ ತೆರೆದು ಬಂದರು. ಆಮೇಲೆ ಇಬ್ಬರೂ ಒಟ್ಟಿಗೆ ಟೀವಿಯ ಕಡೆ ನೋಡಿದರು. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕೊನೆಗೆ ಹಲೋ ಅಮ್ಮನೇ ಕೇಳಿದರು.

"ಕುಸ್ತಿ?"

"ಅವತ್ತು ರಿಮೋಟು ನಿಮ್ಮ ಕೈಲಿತ್ತು" ಎಂದರು ನರ್ಸಮ್ಮ.

"ಬ್ಯಾಟರಿ ಹೋಗಿತ್ತು. ಚಾನೆಲ್ ಬದಲಾಗ್ಲಿಲ್ಲ. ನೀವು ಕಣ್ಣು ಮಿಟುಕಿಸದೆ ನೋಡ್ತಾ ಇದ್ರಿ."

"ನಿಮಗೆ ಬೇಜಾರಾಗಬಾರದು ಅ‍ಂತ ನೋಡಿದೆ. ಆ ಕೆಂಪು ಚಡ್ಡಿಯವನು ಗೆದ್ದಾಗ ಚಪ್ಪಾಳೆ ತಟ್ಟಿದ್ದೂ ಅದಕ್ಕೇ."

ಹಲೋ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಹಸಿರು, ಬೂದಿ, ಸಾಸಿವೆಯ ಆ ವಿಕಾರದ ಮೇಲೆ ಬಾಗಿ ನಕ್ಕರು. ನರ್ಸಮ್ಮನ ಭುಜವೂ ಕುಲುಕಿತು. ಆಮೇಲೆ ಹಲೋ ಅಮ್ಮನ ನಗು ತಟ್ಟನೆ ನಿಂತಿತು. ಚಹಾ ಹೀಗೆ, ಕಿಟಕಿ ಹೀಗೆ, ಕುಸ್ತಿ ಹೀಗೆ. ಹಾಗಾದರೆ ಎದುರಿನ ರೂಮು? ನಿಮಗೆ ಬೇಕಿತ್ತಲ್ಲ ಎಂದು ಇವರು ವಿಚಾರಿಸಿಕೊಂಡು ಬಂದರಲ್ಲ, ಅದು ನಾನು ಹೋಗಲಿ ಎಂಬ ಆಸೆಯೋ, ಹೋಗುವ ಆಸೆ ನನಗಿದೆ ಎಂಬ ಕರುಣೆಯೋ?

ನರ್ಸಮ್ಮನ ತಲೆಯಲ್ಲೂ ಅದೇ ಓಡುತ್ತಿತ್ತೇನೋ. ಬೆಡ್‌ಶೀಟಿನ ಇಲ್ಲದ ಸುಕ್ಕನ್ನು ಸವರುತ್ತ ಅವರೇ ಬಾಯಿ ತೆರೆದರು.

"ರೂಮಿನ ವಿಷಯ. ನಾನು ನಮ್ಮಕ್ಕನಿಗೆ ಹೇಳಿಟ್ಟಿದ್ದೀನಿ. ನೀವು ಎದುರಿನ ರೂಮಿಗೆ ಹೋಗಬೇಕು ಅಂತೇನಿಲ್ಲ. ನಾನೇ ಅಕ್ಕನ ಮನೆಗೆ ಹೋಗ್ತೀನಿ. ಒಬ್ಬರೇ ಇದ್ದು ಅಭ್ಯಾಸ ನಿಮಗೆ, ಈ ಕೋಣೆ ನಿಮಗೊಬ್ಬರಿಗೇ ಆಗುತ್ತೆ."

"ಅಕ್ಕನ ಮನೆಗೆ ಹೋಗೋಕೆ ನಿಮಗೆ ಇಷ್ಟಾನಾ?"

"ನನ್ನಿಷ್ಟ ಏನಿದೆ. ನಿಮಗೆ ಹೇಗೆ ಅನುಕೂಲ ಹೇಳಿ."

ಮತ್ತೆ ಅದೇ ಮಾತು. ಹಲೋ ಅಮ್ಮ ಆ ಮಾತನ್ನು ಎದುರಿಗೆ ಇಟ್ಟುಕೊಂಡು ನೋಡಿದರು. ನಾನು ಇರುತ್ತೇನೆ ಎಂದರೆ ಇವರು ಜಾಗ ಬಿಟ್ಟು ಅಕ್ಕನ ಮನೆಗೆ ಹೊರಡುತ್ತಾರೆ. ನೀವೂ ಇರಿ ಎಂದರೆ ನನಗೋಸ್ಕರ ಇರುತ್ತಾರೆ, ಮನಸ್ಸಿನಲ್ಲಿ ಏನಿದೆಯೋ ತಿಳಿಯುವುದಿಲ್ಲ. ಕೇಳಿದವರಿಗೆ ಬೇಕಾದ ಉತ್ತರವನ್ನೇ ಕೊಡುವ ಹೆಂಗಸಿನಿಂದ ಒಂದು ನಿಜ ಹೊರಡಿಸುವುದು ಹೇಗೆ? ಇಂಥವರ ಜೊತೆ ಬದುಕುವುದು ಎಷ್ಟು ಕಷ್ಟ ಎಂದು ಅವರಿಗೆ ಮೊದಲ ಸಲ ಅನಿಸಿತು. ತಾವೂ ಅಂಥವರೇ ಎಂದು ಹೊಳೆದು ಇನ್ನಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಎದ್ದುನಿಂತರು. ಚಪ್ಪಲಿ ಮೆಟ್ಟಿದರು, ಕೈಚೀಲ ತೆಗೆದುಕೊಂಡರು.

"ನಾನು ರೂಮು ತಗೋತೀನಿ" ಎಂದರು. "ಅಂಗಡಿ ಮುಚ್ಚೋದ್ರೊಳಗೆ ಹೇಳಿ ಬರ್ತೀನಿ."

ಅದು ನಾಟಕವಾಗಿರಲಿಲ್ಲ. ಆ ಗಳಿಗೆಗೆ ನಿಜವಾಗಿಯೂ ಸಾಕಾಗಿತ್ತು. ಬಾಗಿಲ ಹತ್ತಿರ ನಿಂತು "ಆಗಲಿ, ನಿಮಗೆ ಹೇಗೆ ಅನುಕೂಲವೋ ಹಾಗೆ" ಎನ್ನುವುದನ್ನು ಕೇಳಿಸಿಕೊಂಡು ಹೋಗಿಬಿಡೋಣ ಎಂದು ಕಾದರು. ನರ್ಸಮ್ಮ ಬೆಡ್‌ಶೀಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು, ಅಷ್ಟು ಜೋಪಾನದಿಂದ ಹಾಸಿದ್ದೆಲ್ಲ ಸುಕ್ಕಾಯಿತು.

"ಬೇಡ" ಎಂದರು.

ಎಕ್ಸ್‌ಚೇಂಜಿನಲ್ಲಿ ಸರಿಯಾಗಿ ಕೇಳದಿದ್ದರೆ ಮತ್ತೊಮ್ಮೆ ಹೇಳಿಸುವುದು ರೂಢಿ. "ಏನಂದ್ರಿ?"

"ಬೇಡ ಅಂದೆ. ಹೋಗ್ಬೇಡಿ. ನಿಮಗೆ ಅನುಕೂಲ ಆದ್ರೂ ಸರಿ, ಆಗದಿದ್ರೂ ಸರಿ. ನನಗೆ ಬೇಡ."

ಹಲೋ ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಜೀವನದಲ್ಲಿ ಎಷ್ಟೋ ಜನ ಅವರನ್ನು ಬನ್ನಿ ಎಂದಿದ್ದರು, ಕೂತ್ಕೊಳ್ಳಿ ಎಂದಿದ್ದರು, ಊಟ ಮಾಡಿಕೊಂಡು ಹೋಗಿ ಎಂದಿದ್ದರು. ಹೋಗಬೇಡಿ ಎಂದು, ಅದೂ ಇಷ್ಟು ಒರಟಾಗಿ, ಯಾರೂ ಹೇಳಿರಲಿಲ್ಲ. "ಸರಿ ಬಿಡಿ, ನಿಮಗೆ ಬೇಡ ಅಂದ್ರೆ" ಎಂಬಷ್ಟು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹಲ್ಲು ಕಚ್ಚಿ ನುಂಗಿದರು.

"ನನಗೂ ಹೋಗೋಕೆ ಇಷ್ಟ ಇಲ್ಲ" ಎಂದರು. "ಬಂದ ದಿನದಿಂದ್ಲೂ ಇಲ್ಲ."

ನರ್ಸಮ್ಮ ಥರ್ಮಾಮೀಟರು ನೋಡುವ ಹಾಗೆ ಅವರ ಮುಖ ನೋಡಿದರು. "ನಾನು ಅಂದೆ ಅಂತ ಹೇಳ್ತಿದ್ದೀರಿ."

"ಅಲ್ಲ."

"ನಿಮ್ಮನ್ನ ನಂಬೋದು ಹೇಗೆ? ಸಕ್ಕರೆ ಬೇಡ ಅಂತ ಒಂದು ವರ್ಷ ಅಂದೋರು ನೀವು."

ಪ್ರಶ್ನೆ ನ್ಯಾಯವಾದದ್ದೇ. ಹಲೋ ಅಮ್ಮ ಯೋಚಿಸಿದರು. ಎದುರಿನವರಿಗೆ ಸರಿಹೋಗಲಿ ಎಂದು ಯಾರೂ ಹೇಳಲಾರದ ಒಂದು ಮಾತು ಬೇಕಿತ್ತು. ಹುಡುಕಬೇಕಾಗಲಿಲ್ಲ, ಒಳಗೆ ಒಂದು ವರ್ಷದಿಂದ ಇತ್ತು.

"ನೀವು ಗೊರಕೆ ಹೊಡೀತೀರಿ" ಎಂದರು. "ಗೊರಕೆ ಅಂದ್ರೆ ಗೊರಕೆ ಅಲ್ಲ, ಗರಗಸ. ಕಿವಿಗೆ ಹತ್ತಿ ಇಟ್ಕೊಂಡ್ರೂ ತಡೆಯೋಕಾಗಲ್ಲ. ಆದ್ರೂ ನಾನು ಇಲ್ಲೇ ಇರ್ತೀನಿ."

ನರ್ಸಮ್ಮನ ಮುಖ ಕೆಂಪಾಯಿತು. "ಗೊರಕೆ ನಂದಾ? ಜನರಲ್ ವಾರ್ಡಿನಲ್ಲಿ ಸಾಲಾಗಿ ಮಲಗಿರೋರ ಗೊರಕೆಯೆಲ್ಲ ಕೇಳಿದೋಳು ನಾನು. ನಿಮ್ಮದರಂಥದ್ದು ಎಲ್ಲೂ ಕೇಳಿಲ್ಲ."

"ನಾನು ಗೊರಕೆ ಹೊಡೆಯೋದೇ ಇಲ್ಲ."

"ನಿದ್ದೆ ಮಾಡೋರಿಗೆ ಹೇಗೆ ಗೊತ್ತಾಗುತ್ತೆ?"

"ನೀವು ಹೊಡೀತಿದ್ರೆ ನನಗೆ ನಿದ್ದೆ ಎಲ್ಲಿಂದ ಬರುತ್ತೆ?"

ಮಾತಿಗೆ ಮಾತು ಬೆಳೆಯಿತು. ಗೊರಕೆಯಿಂದ ಕಪಾಟಿನ ಮೇಲಿನ ಅರೆಗೆ ಹೋಯಿತು, ಅಲ್ಲಿಂದ ಒದ್ದೆ ಟವಲು ಯಾರ ಮಂಚದ ಮೇಲೆ ಬೀಳುತ್ತದೆ ಎನ್ನುವುದಕ್ಕೆ, ಅಲ್ಲಿಂದ ಸ್ವೆಟರಿಗೆ.

"ಹಿಂಭಾಗ ನೀವು ಬಿಚ್ಚಿ" ಎಂದರು ಹಲೋ ಅಮ್ಮ.

"ನಾನ್ಯಾಕೆ ಬಿಚ್ಚಲಿ? ಮುಂಭಾಗ ನೀವು ಬಿಚ್ಚಿ."

"ಬಿಚ್ಚಲ್ಲ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೆಣೆದಿಲ್ಲ. ಹೆಬ್ಬೆರಳು ನೋಡಿ."

"ನಂದೂ ಬಿಚ್ಚಲ್ಲ. ನನಗೆ ನಿದ್ದೆ ಹೋಗಿದೆ ಇದರಲ್ಲಿ."

ಮಗಳು ಕೋರ್ಟಿನಿಂದ ಬಂದಳು. ಮೆಟ್ಟಿಲಲ್ಲಿ ಕೆಳಗಿನ ಮನೆಯ ಸೊಸೆಯಂದಿರು ಇಬ್ಬರೂ ಕಿವಿಗೊಟ್ಟು ನಿಂತಿದ್ದರು. ಅವಳನ್ನು ಕಂಡು ಅವತ್ತು ಮುಖ ತಿರುಗಿಸಲಿಲ್ಲ, ನಕ್ಕು ದಾರಿ ಬಿಟ್ಟರು. ಮೇಲಿನಿಂದ ಅಮ್ಮನ ದನಿ ಕೇಳುತ್ತಿತ್ತು. ಅಷ್ಟು ಎತ್ತರದ ದನಿ ಅಮ್ಮನಿಗಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಎಲ್ಲ ಮುಗಿಯಿತು, ಅಮ್ಮ ಹೊರಟಳು ಎಂದುಕೊಂಡು ಏದುಸಿರು ಬಿಡುತ್ತ ಕೋಣೆಯ ಬಾಗಿಲಿಗೆ ಬಂದಳು. ಅಮ್ಮನ ಕೈಯಲ್ಲಿ ಕೈಚೀಲ, ಕಾಲಲ್ಲಿ ಚಪ್ಪಲಿ. ಅತ್ತೆಯ ಕೈಯಲ್ಲಿ ಒಂದು ಜೊತೆ ಕಡ್ಡಿ.

"ಅಮ್ಮಾ, ಏನಾಯ್ತು?" ಎಂದಳು. "ಹೊರಟುಬಿಟ್ಯಾ?"

ಹಲೋ ಅಮ್ಮ ಅವಳ ಕಡೆ ತಿರುಗಲೂ ಇಲ್ಲ.

"ಎಲ್ಲಿಗೆ? ನಾನು ಇಲ್ಲೇ ಇರೋಳು" ಎಂದರು. "ನೀನು ಸ್ವಲ್ಪ ಸುಮ್ನಿರು, ಇವರ ಹತ್ರ ನಂದಿನ್ನೂ ಮುಗಿದಿಲ್ಲ."